ಜುಲೈ 4ರ ಕಡತ: ಕೆಲಸ ಎಲ್ಲಿಗೆ ಬಂತು

ಮಾರ್ಚ್ 30

ಈ ವರ್ಷದ ಹುಣಸೆ ಹಣ್ಣು ಬಿಡಿಸಿ ಮುಗಿಯಿತು. ಅಮ್ಮ ಬೀಜವನ್ನೆಲ್ಲ ಗುಡಿಸಿ ಹೊರಗೆ ಹಾಕಲು ಹೊರಟಿದ್ದರು. ಬೇಡ ಎಂದು ಒಂದು ಡಬ್ಬಿ ತುಂಬ ಎತ್ತಿಟ್ಟುಕೊಂಡೆ. ಕಡತ ಮಾಡಬೇಕು.

ಕಡತ ನೋಡಿಲ್ಲದವರಿಗೆ ಹೇಳುತ್ತೇನೆ. ಹುಣಸೆ ಬೀಜ ರುಬ್ಬಿ ಕುದಿಸಿದ ಅಂಟಿಗೆ, ಅಂದರೆ ಸರಿಗೆ, ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿಯುತ್ತಾರೆ. ಒಣಗಿದ ಮೇಲೆ ಹಿಂದಕ್ಕೆ ಮುಂದಕ್ಕೆ ಮಡಿಚಿದರೆ ಒಂದು ಕಪ್ಪು ಪುಸ್ತಕ ಆಗುತ್ತದೆ. ಬರೆಯುವುದು ಬಳಪದಲ್ಲಿ. ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು. ಕಾಗದ ಸುಲಭವಾಗಿ ಸಿಗದ ಕಾಲದಲ್ಲಿ ನಮ್ಮ ಕಡೆ ಮಠಗಳು, ಶಾನುಭೋಗರು, ವ್ಯಾಪಾರಿಗಳು ಲೆಕ್ಕ ಇಟ್ಟದ್ದು ಇದರಲ್ಲಿ. ಶೃಂಗೇರಿ ಮಠದ ಕಡತಗಳು ಇಂದಿಗೂ ಉಳಿದಿವೆ. ಆಫೀಸಿನ ಫೈಲಿಗೆ ನಾವು ಈಗಲೂ ಕಡತ ಅಂತಲೇ ಹೇಳುತ್ತೇವೆ, ಅಲ್ವಾ.

ಜುಲೈ 4ಕ್ಕೆ ಮಗಳಿಗೆ ಹತ್ತು ತುಂಬುತ್ತದೆ. ಹೋದ ವರ್ಷ ಅವಳು, "ಅಪ್ಪಾ, ನಾನು ಹುಟ್ಟಿದ ದಿನ ಲೋಕದಲ್ಲಿ ಇನ್ನೂ ಏನೇನು ಆಗಿದೆ?" ಎಂದು ಕೇಳಿದ್ದಳು. ಫೋನಿನಲ್ಲಿ ಹುಡುಕಿ ಐದು ಸಂಗತಿ ಹೇಳಿದ್ದೆ. ಅದರಲ್ಲಿ ಎರಡು ತಪ್ಪು ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅವಳು ಅವನ್ನು ಶಾಲೆಯಲ್ಲಿ ಹೇಳಿಯೂ ಬಂದಿದ್ದಳು. ಆ ನೋವು ಇನ್ನೂ ಹೋಗಿಲ್ಲ. ಈ ಸಲ ಒಂದೊಂದನ್ನೂ ನೋಡಿ, ಸರಿ ಅಂತ ಖಾತ್ರಿ ಆದ ಮೇಲೆ ಬರೆಯುತ್ತೇನೆ. ಒರೆಸಿ ಬರೆಯುವ ಪುಸ್ತಕವೇ ಇದಕ್ಕೆ ಸರಿ ಅನ್ನಿಸಿತು.

ಏಪ್ರಿಲ್ 6

ಮೊದಲ ಸಲ ಕೆಟ್ಟಿತು.

ಬೀಜವನ್ನು ಹುರಿದು, ಸಿಪ್ಪೆ ಉಜ್ಜಿ ತೆಗೆದು, ಒಂದು ರಾತ್ರಿ ನೆನೆಸಿ ರುಬ್ಬಿದೆ. ಕುದಿಸಿದಾಗ ಒಳ್ಳೆ ಅಂಟು ಬಂತು. ಇದ್ದಿಲು ಬೀದಿ ಕೊನೆಯ ಇಸ್ತ್ರಿ ಅಂಗಡಿಯಿಂದ ತಂದದ್ದು. ಕುಟ್ಟಿ ಬಟ್ಟೆಯಲ್ಲಿ ಜರಡಿ ಹಿಡಿದೆ. ಬಟ್ಟೆ ಮಾತ್ರ ಮನೆಯಲ್ಲಿದ್ದ ಹಳೆ ಪಾಲಿಯೆಸ್ಟರ್ ಪಂಚೆ. ಸರಿ ಅದಕ್ಕೆ ಹಿಡಿಯಲೇ ಇಲ್ಲ. ಒಣಗಿದ ಮೇಲೆ ಮಡಿಚಿದ ಕಡೆಯೆಲ್ಲ ಚಕ್ಕೆ ಎದ್ದು ಬಂತು.

ಅಮ್ಮ ನೋಡಿ, "ಕಂಬಳಿಗೆ ಹಾಕೋ ಸರಿ ಅಲ್ವೇನೋ ಇದು? ಒಂದೇ ಸಲ ಇಷ್ಟು ದಪ್ಪ ಬಳಿದರೆ ನಿಲ್ಲುತ್ತಾ? ತೆಳ್ಳಗೆ ಮೂರು ಸಲ ಬಳಿ" ಎಂದರು. ಅವರು ಹುಟ್ಟಿದ ಊರಿನಲ್ಲಿ ಕಂಬಳಿ ನೇಯುವವರು ಇದ್ದರು. ಹುಣಸೆ ಬೀಜದ ಸರಿ ಅವರಿಗೆ ದಿನನಿತ್ಯದ ಮಾತು.

ಏಪ್ರಿಲ್ 14

ಖಾದಿ ಬಟ್ಟೆ ತಂದೆ. ನಾಲ್ಕು ಮೀಟರ್ ಉದ್ದ, ಒಂದು ಗೇಣು ಅಗಲಕ್ಕೆ ಕತ್ತರಿಸಿದೆ. ತೆಳ್ಳಗೆ ಮೂರು ಸಲ ಬಳಿದು, ಪ್ರತಿ ಸಲವೂ ತಾರಸಿಯ ಬಿಸಿಲಿಗೆ ಹಾಕಿದೆ. ಹದಿನಾರು ಮಡಿಕೆ ಬಂದಿದೆ. ಬಳಪ ಚೆನ್ನಾಗಿ ಮೂಡುತ್ತದೆ, ಒರೆಸಿದರೆ ಹೋಗುತ್ತದೆ. ಮಗಳು ಮೊದಲು ತನ್ನ ಹೆಸರು ಬರೆದು, ಒರೆಸಿ, ಮತ್ತೆ ಬರೆದಳು. ಹತ್ತು ಸಲ ಆದರೂ ಮಾಡಿರಬೇಕು.

ಏಪ್ರಿಲ್ 21

ಮೊದಲ ಮಡಿಕೆಯಲ್ಲೇ ಒರೆಸಬೇಕಾಯಿತು.

"1776, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ" ಎಂದು ಬರೆದಿದ್ದೆ. ಸಹಿ ಬಿದ್ದದ್ದು ಆ ದಿನ ಅಲ್ಲ. ಬ್ರಿಟನ್‌ನಿಂದ ಬೇರೆ ಆಗೋಣ ಎಂದು ಫಿಲಡೆಲ್ಫಿಯಾದಲ್ಲಿ ಮತ ಹಾಕಿದ್ದು ಜುಲೈ 2. ಘೋಷಣೆಯ ಮಾತುಗಳನ್ನು ಒಪ್ಪಿದ್ದು ಜುಲೈ 4. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2. ಮುಂದೆ ಜನ ಜುಲೈ 2ನ್ನೇ ಹಬ್ಬ ಮಾಡುತ್ತಾರೆ ಎಂದು, ಆಮೇಲೆ ಎರಡನೇ ಅಧ್ಯಕ್ಷರಾದ ಜಾನ್ ಆಡಮ್ಸ್ ಹೆಂಡತಿಗೆ ಕಾಗದ ಬರೆದಿದ್ದರು. ಅಚ್ಚಾದ ಹಾಳೆಯ ಮೇಲೆ ಇದ್ದ ತಾರೀಖು ಜುಲೈ 4. ಜನರ ನೆನಪಿನಲ್ಲಿ ಅದೇ ನಿಂತಿತು.

ಇದೇ ಆಡಮ್ಸ್ ತೀರಿಕೊಂಡದ್ದು 1826ರ ಜುಲೈ 4ರಂದು. ಆ ಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ. ಅದನ್ನು ಬರೆದ, ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಕೂಡ ಅದೇ ದಿನ, ಕೆಲವು ಗಂಟೆ ಮೊದಲು, ವರ್ಜೀನಿಯಾದ ತಮ್ಮ ಮನೆಯಲ್ಲಿ ತೀರಿಕೊಂಡಿದ್ದರು. ಒಬ್ಬರಿಗೆ 90, ಇನ್ನೊಬ್ಬರಿಗೆ 83. ಇಬ್ಬರೂ ಗೆಳೆಯರು, ನಡುವೆ ವರ್ಷಗಟ್ಟಲೆ ಮಾತು ಬಿಟ್ಟವರು, ಮುಪ್ಪಿನಲ್ಲಿ ಕಾಗದ ಬರೆದು ಮತ್ತೆ ಒಂದಾದವರು. ಆಡಮ್ಸ್ ಕೊನೆಗೆ ಜೆಫರ್ಸನ್ ಇನ್ನೂ ಬದುಕಿದ್ದಾನೆ ಎಂದರಂತೆ. ಸುದ್ದಿ ಅಷ್ಟು ಬೇಗ ಮುಟ್ಟುವ ಕಾಲ ಅಲ್ಲ. ಐದು ವರ್ಷದ ಮೇಲೆ, 1831ರ ಜುಲೈ 4ರಂದೇ, ಐದನೇ ಅಧ್ಯಕ್ಷ ಜೇಮ್ಸ್ ಮನ್ರೋ ಹೋದರು. ಮೊದಲ ಐದು ಅಧ್ಯಕ್ಷರಲ್ಲಿ ಮೂವರು ಒಂದೇ ತಾರೀಖಿಗೆ.

ಇದು ಬರೀ ಕಾಕತಾಳೀಯವೇ? ಇಡೀ ಸಂಜೆ ಇದನ್ನೇ ಯೋಚಿಸಿದೆ. ಜುಲೈ 3ರ ರಾತ್ರಿ ಜೆಫರ್ಸನ್ "ನಾಲ್ಕನೇ ತಾರೀಖು ಆಯಿತಾ?" ಎಂದು ಕೇಳಿದ್ದರು ಎಂದು ಹಾಸಿಗೆಯ ಪಕ್ಕ ಇದ್ದವರು ಬರೆದಿಟ್ಟಿದ್ದಾರೆ. ಮನಸ್ಸು ಗಟ್ಟಿ ಮಾಡಿ ಜೀವ ಹಿಡಿದುಕೊಂಡಿರಬಹುದು ಅನ್ನಿಸುತ್ತದೆ. ನಾಲ್ಕನೇ ಅಧ್ಯಕ್ಷ ಮ್ಯಾಡಿಸನ್ ಹೋದದ್ದು 1836ರ ಜೂನ್ 28ಕ್ಕೆ. ಇನ್ನು ಆರು ದಿನ ಉಳಿಸಲು ಔಷಧಿ ಕೊಡುತ್ತೇವೆ ಎಂದಾಗ ಅವರು ಬೇಡ ಎಂದರು. ನನಗೆ ಈ ಬೇಡ ಎಂದವರ ಮೇಲೆ ಗೌರವ ಜಾಸ್ತಿ. ಆದರೆ ಜುಲೈ 4ರ ಕಡತದಲ್ಲಿ ಅವರಿಗೆ ಜಾಗ ಇಲ್ಲ. ಹಾಗಾಗಿ ಇಲ್ಲಿಯಾದರೂ ಬರೆದಿಡುತ್ತೇನೆ.

ಇವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ತಾನಾಗಿ ಆದದ್ದಕ್ಕೆ ಒಂದು ಸೊನ್ನೆ. ಆ ದಿನವೇ ಬೇಕೆಂದು ಮಾಡಿದ್ದಕ್ಕೆ ಒಂದು ಗೆರೆ. ಆಡಮ್ಸ್ ಮತ್ತು ಜೆಫರ್ಸನ್ ಮುಂದೆ ಎರಡನ್ನೂ ಹಾಕಿದೆ.

ಏಪ್ರಿಲ್ 28

ಗೆರೆಯವೇ ಎಷ್ಟೊಂದು. ಅಮೆರಿಕ ಫಿಲಿಪ್ಪೀನ್ಸಿಗೆ ಸ್ವಾತಂತ್ರ್ಯ ಕೊಟ್ಟದ್ದು 1946ರ ಜುಲೈ 4, ತನ್ನ ಹಬ್ಬದ ದಿನವೇ. ಫಿಲಿಪ್ಪೀನ್ಸಿನವರು 1962ರಲ್ಲಿ ಅದನ್ನು ಬಿಟ್ಟು, ತಾವೇ ಸ್ಪೇನಿನಿಂದ ಬಿಡುಗಡೆ ಘೋಷಿಸಿದ್ದ ಜೂನ್ 12ನ್ನು ಸ್ವಾತಂತ್ರ್ಯ ದಿನ ಮಾಡಿಕೊಂಡರು. ಯಾರೋ ಕೊಟ್ಟ ದಿನಕ್ಕಿಂತ ತಾವು ಆರಿಸಿದ ದಿನ ಅವರಿಗೆ ಮುಖ್ಯವಾಯಿತು. ನ್ಯೂಯಾರ್ಕ್ ಕಡೆಯ ಈರಿ ಕಾಲುವೆಗೆ ಗುದ್ದಲಿ ಬಿದ್ದದ್ದು 1817ರ ಇದೇ ದಿನ. ಇವಕ್ಕೆ ಒಂದೊಂದು ಸಾಲು ಸಾಕು.

ಮೇ 5

ವಿವೇಕಾನಂದರಿಗೆ ಎರಡು ಮಡಿಕೆ ಕೊಟ್ಟಿದ್ದೇನೆ. ಇನ್ನೂ ಕೊಡಬಹುದಿತ್ತು.

1898ರ ಜುಲೈ 4ರಂದು ಅವರು ಕಾಶ್ಮೀರದಲ್ಲಿ ದೋಣಿಮನೆಯಲ್ಲಿದ್ದರು. ಜೊತೆಯಲ್ಲಿ ಅಮೆರಿಕದ ಶಿಷ್ಯರಿದ್ದರು. ಅವರ ದೇಶದ ಹಬ್ಬ ಎಂದು ಆ ದಿನಕ್ಕಾಗಿಯೇ ಒಂದು ಇಂಗ್ಲಿಷ್ ಕವಿತೆ ಬರೆದು ಓದಿದರು. ಸ್ವಾತಂತ್ರ್ಯದ ಸೂರ್ಯ ಎಲ್ಲ ದೇಶಗಳ ಮೇಲೂ ಬೆಳಗಲಿ ಎಂಬುದು ಅದರ ಆಸೆ. ನಾಲ್ಕು ವರ್ಷದ ನಂತರ, 1902ರ ಜುಲೈ 4ರಂದೇ, ಬೇಲೂರು ಮಠದಲ್ಲಿ ಅವರು ದೇಹ ಬಿಟ್ಟರು. ನಮ್ಮ ಹಾಸನದ ಬೇಲೂರು ಅಲ್ಲ, ಕಲ್ಕತ್ತೆಯ ಹತ್ತಿರ ಗಂಗೆಯ ದಡದಲ್ಲಿರುವುದು. ಮಗಳು ಮೊದಲು ಹಾಗೇ ತಿಳಿದುಕೊಂಡಿದ್ದಳು. ಆ ದಿನ ಮಧ್ಯಾಹ್ನ ಬ್ರಹ್ಮಚಾರಿಗಳಿಗೆ ಸಂಸ್ಕೃತ ವ್ಯಾಕರಣ ಪಾಠ ಮಾಡಿದ್ದರು. ಸಂಜೆ ದೂರ ನಡೆದು ಬಂದಿದ್ದರು. ರಾತ್ರಿ ಒಂಬತ್ತು ದಾಟಿದ ಮೇಲೆ ಎಲ್ಲ ಮುಗಿಯಿತು. ವಯಸ್ಸು 39. ಕೆಲವು ದಿನ ಮೊದಲು ಪಂಚಾಂಗ ತರಿಸಿ ನೋಡಿದ್ದರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಸೊನ್ನೆಯೋ ಗೆರೆಯೋ ನಾನು ಹೇಳಲಾರೆ. ಇಲ್ಲಿ ಏನೂ ಹಾಕದೆ ಬಿಟ್ಟಿದ್ದೇನೆ.

ಷಿಕಾಗೋಗೆ ಹೋಗುವ ಮೊದಲು, 1892ರಲ್ಲಿ, ಅವರು ಬೆಳಗಾವಿಗೂ ಬೆಂಗಳೂರಿಗೂ ಮೈಸೂರಿಗೂ ಬಂದಿದ್ದರು. ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಚಾಮರಾಜ ಒಡೆಯರ ಅತಿಥಿಯಾಗಿದ್ದರು. ಅಮ್ಮನಿಗೆ ಇದನ್ನು ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ: "ತಿಥಿ ಯಾವುದು?"

ಅದು ಸರಿಯಾದ ಪ್ರಶ್ನೆ. ಬೇಲೂರು ಮಠದಲ್ಲಿ ಸ್ವಾಮಿಗಳ ಜಯಂತಿ ಮಾಡುವುದು ಪುಷ್ಯ ಬಹುಳ ಸಪ್ತಮಿಗೆ. ದೇಶ ಮಾಡುವುದು ಜನವರಿ 12ಕ್ಕೆ. ಅವರು ಹುಟ್ಟಿದ 1863ರಲ್ಲಿ ಎರಡೂ ಒಂದೇ ದಿನ ಇತ್ತು, ಜೊತೆಗೆ ಅದು ಮಕರ ಸಂಕ್ರಾಂತಿಯೂ ಆಗಿತ್ತು. ಈಗ ಸಂಕ್ರಾಂತಿ 14 ಇಲ್ಲವೇ 15ಕ್ಕೆ ಬರುತ್ತದೆ. ಅಂದು ಒಟ್ಟಿಗೆ ಇದ್ದ ಮೂರು ಈಗ ಮೂರು ಕಡೆ. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿಯೂ ತಾರೀಖೂ ಹೆಚ್ಚುಕಡಿಮೆ ಮತ್ತೆ ಕೂಡಿಕೊಳ್ಳುತ್ತವೆ. ಮಗಳಿಗೆ 19 ಆದಾಗ ಅವಳ ಎರಡೂ ಹುಟ್ಟುಹಬ್ಬ ಅಕ್ಕಪಕ್ಕ ಬರುತ್ತವೆ ಎಂದು ಅಮ್ಮ ಈಗಲೇ ಲೆಕ್ಕ ಹಾಕಿಟ್ಟಿದ್ದಾರೆ.

ಮೇ 13

ಕಡತದಲ್ಲಿ ಎಲ್ಲಕ್ಕಿಂತ ಹಳೆಯದು ಒಂದು ನಕ್ಷತ್ರ.

1054ರಲ್ಲಿ ಚೀನಾದ ಆಸ್ಥಾನದ ಜೋಯಿಸರು ಬೆಳಗಿನ ಜಾವ ಪೂರ್ವದಲ್ಲಿ, ನಾವು ವೃಷಭ ರಾಶಿ ಎನ್ನುವ ಕಡೆ, ಹೊಸ ನಕ್ಷತ್ರ ಒಂದನ್ನು ಕಂಡರು. ಅದಕ್ಕೆ ಅತಿಥಿ ನಕ್ಷತ್ರ ಎಂದು ಹೆಸರಿಟ್ಟರು. 23 ದಿನ ಹಗಲಲ್ಲೂ ಕಾಣಿಸಿತು. ರಾತ್ರಿ ಹೊತ್ತು ಸುಮಾರು ಎರಡು ವರ್ಷ ಕಾಣಿಸಿತು. ಒಂದು ದೊಡ್ಡ ನಕ್ಷತ್ರ ಸಿಡಿದು ಸತ್ತ ಬೆಳಕು ಅದು. ಅಲ್ಲಿಂದ ಇಲ್ಲಿಗೆ ಬೆಳಕು ಬರಲು ಆರು ಸಾವಿರಕ್ಕೂ ಹೆಚ್ಚು ವರ್ಷ ಬೇಕು. ಹಾಗಾದರೆ ಸಿಡಿದದ್ದು ಎಷ್ಟು ಮೊದಲು ನೋಡಿ. ಅದರ ಚೂರುಗಳ ಮೋಡವನ್ನು ಈಗ ಏಡಿ ನೀಹಾರಿಕೆ ಎನ್ನುತ್ತಾರೆ. ನಡುವೆ ಉಳಿದ ಪುಟ್ಟ ನಕ್ಷತ್ರ ಸೆಕೆಂಡಿಗೆ 30 ಸುತ್ತು ಸುತ್ತುತ್ತಿದೆ. ಆಗ ನಮ್ಮ ಕಡೆ ಕಲ್ಯಾಣದಲ್ಲಿ ಆಹವಮಲ್ಲ ಸೋಮೇಶ್ವರ ಆಳುತ್ತಿದ್ದ. ಅವನ ಊರಿನ ಆಕಾಶದಲ್ಲೂ ಅದು ಬೆಳಗಿರಬೇಕಲ್ಲ ಎಂದು ಯೋಚಿಸುತ್ತಾ ಕೂತೆ.

ಈಗ ತಾರೀಖಿನ ಮಾತು. ಚೀನಿಯರು ಬರೆದದ್ದು ತಮ್ಮ ಪಂಚಾಂಗದ ದಿನ: ಐದನೇ ತಿಂಗಳು, ಅರವತ್ತು ದಿನದ ಸುತ್ತಿನಲ್ಲಿ ಒಂದು ಹೆಸರು. ಅದನ್ನು ಯುರೋಪಿನ ಆಗಿನ ಜೂಲಿಯನ್ ಲೆಕ್ಕಕ್ಕೆ ತಂದರೆ ಜುಲೈ 4. ನಾವು ಈಗ ಬಳಸುವ ಲೆಕ್ಕಕ್ಕೆ ತಂದರೆ ಜುಲೈ 10! ಏಕೆಂದರೆ ಜೂಲಿಯನ್ ಲೆಕ್ಕ ನಿಧಾನವಾಗಿ ಹಿಂದೆ ಬೀಳುತ್ತಿತ್ತು. 1582ರಲ್ಲಿ ಅದನ್ನು ಸರಿಮಾಡಲು ರೋಮಿನಲ್ಲಿ ಅಕ್ಟೋಬರ್ 4ರ ಮರುದಿನವನ್ನೇ 15 ಎಂದು ಮಾಡಿದರು. ಬ್ರಿಟನ್ ಇದನ್ನು ಒಪ್ಪಿದ್ದು 1752ರಲ್ಲಿ, 11 ದಿನ ಬಿಟ್ಟು.

ಮಗಳಿಗೆ ತುಂಬಾ ಬೇಜಾರಾಯಿತು. "ಹಾಗಾದರೆ ನನ್ನ ನಕ್ಷತ್ರ ಅಲ್ವಾ?" ಎಂದಳು. ಇತಿಹಾಸದ ಪುಸ್ತಕಗಳಲ್ಲಿ 1582ಕ್ಕೆ ಹಿಂದಿನದನ್ನು ಜೂಲಿಯನ್ ತಾರೀಖಿನಲ್ಲೇ ಕೊಡುವುದು ವಾಡಿಕೆ. ಹಾಗಾಗಿ ಬರೆಯಬಹುದು, ಆದರೆ ಗುರುತು ಬೇರೆ ಇರಲಿ ಎಂದೆ. ಲೆಕ್ಕದಿಂದ ಬಂದದ್ದಕ್ಕೆ ಮೂರು ಚುಕ್ಕಿ. 1187ರಲ್ಲಿ ಸುಲ್ತಾನ ಸಲಾದಿನ್ ಯುರೋಪಿನ ಕ್ರೈಸ್ತ ಸೈನ್ಯದ ಮೇಲೆ ಹಟ್ಟೀನ್ ಯುದ್ಧ ಗೆದ್ದದ್ದೂ ಜುಲೈ 4. ಅದಕ್ಕೂ ಮೂರು ಚುಕ್ಕಿ.

ಮೇ 20

ಈ ವಾರ ಬರೆದದ್ದು ಕಡಿಮೆ, ಓದಿದ್ದು ಜಾಸ್ತಿ. ಭಾರತದ ಸ್ವಾತಂತ್ರ್ಯದ ಮಸೂದೆ ಬ್ರಿಟಿಷ್ ಸಂಸತ್ತಿನ ಮುಂದೆ ಬಂದದ್ದು 1947ರ ಜುಲೈ 4. ಎರಡೇ ವಾರದಲ್ಲಿ, ಜುಲೈ 18ಕ್ಕೆ, ರಾಜನ ಒಪ್ಪಿಗೆ ಬಿತ್ತು. ಮಸೂದೆ ಬಂದದ್ದು, ಅಮೆರಿಕ ಅವರಿಂದ ಬಿಟ್ಟುಹೋಗಿ 171 ವರ್ಷ ತುಂಬಿದ ದಿನ. ಇದು ನನಗೆ ಗೊತ್ತೇ ಇರಲಿಲ್ಲ. 1943ರ ಇದೇ ದಿನ ಸಿಂಗಪುರದಲ್ಲಿ ರಾಸ್ ಬಿಹಾರಿ ಬೋಸ್ ತಮ್ಮ ಭಾರತ ಸ್ವಾತಂತ್ರ್ಯ ಸಂಘದ ನಾಯಕತ್ವವನ್ನು ಸುಭಾಷ್‌ಚಂದ್ರ ಬೋಸರ ಕೈಗೆ ಒಪ್ಪಿಸಿದರು.

ಇನ್ನೊಂದು ಬರೆಯುವಾಗ ಕೈ ನಿಂತಿತು. ಪಿಂಗಳಿ ವೆಂಕಯ್ಯ. 1921ರಲ್ಲಿ ಬೆಜವಾಡದಲ್ಲಿ, ಅಂದರೆ ಈಗಿನ ವಿಜಯವಾಡದಲ್ಲಿ, ಗಾಂಧೀಜಿಯ ಮುಂದೆ ಬಾವುಟದ ನಮೂನೆ ಇಟ್ಟವರು. ಅದೇ ಬದಲಾಗುತ್ತಾ ಬಂದು ಇಂದಿನ ರಾಷ್ಟ್ರಧ್ವಜ ಆಯಿತು. ಅವರು ಬಡತನದಲ್ಲೇ 1963ರ ಜುಲೈ 4ರಂದು ತೀರಿಕೊಂಡರು. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇಂದಿಗೂ ಆ ಧ್ವಜವನ್ನು ಖಾದಿಯಲ್ಲಿ ಹೊಲಿಯುತ್ತಾರೆ. ನನ್ನ ಕಡತದ ಬಟ್ಟೆಯೂ ಖಾದಿ. ಅವರ ಹೆಸರನ್ನು ಇಡೀ ಮಡಿಕೆಗೆ ದೊಡ್ಡದಾಗಿ ಬರೆದೆ, ಬೇರೇನೂ ಬರೆಯಲಿಲ್ಲ.

ಜೂನ್ 1

ಇವತ್ತು ಅಮ್ಮನ ಆಧಾರ್ ಕಾರ್ಡಿನ ಹುಟ್ಟುಹಬ್ಬ. ನಿಜವಾದದ್ದು ಅಲ್ಲ. ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡರು. ಆ ಕಾಲದಲ್ಲಿ ಎಷ್ಟೋ ಮಕ್ಕಳಿಗೆ ಹಾಗೇ ಆಗಿದೆ. ನಮ್ಮ ಬೀದಿಯಲ್ಲೇ ಇನ್ನೂ ಮೂವರು ಹಿರಿಯರದ್ದು ಜೂನ್ 1.

23 ಜನ ಒಂದು ಕೋಣೆಯಲ್ಲಿದ್ದರೆ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 40 ಮಕ್ಕಳ ತರಗತಿಯಲ್ಲಿ ಸುಮಾರು ಶೇಕಡಾ 89ರಷ್ಟು. ಮಗಳಿಗೆ ಇದನ್ನು ಲೆಕ್ಕ ಮಾಡಿ ತೋರಿಸಿದೆ. ಅವಳು ನಂಬಲಿಲ್ಲ. ಶಾಲೆ ಶುರುವಾದ ಮೇಲೆ ಎಲ್ಲರನ್ನೂ ಕೇಳಿಕೊಂಡು ಬರುತ್ತಾಳಂತೆ.

ಅಮ್ಮನನ್ನು ಕೂರಿಸಿಕೊಂಡು ಅವರ ನಿಜವಾದ ದಿನ ಹುಡುಕಲು ನೋಡಿದೆ. "ಕಾರ ಹುಣ್ಣಿಮೆ ಆಗಿ ನಾಲ್ಕನೇ ದಿನ" ಎಂದು ಅವರ ಅಮ್ಮ ಹೇಳುತ್ತಿದ್ದರಂತೆ. ವರ್ಷ ಗೊತ್ತಿದೆ. ಹಳೆಯ ಪಂಚಾಂಗ ಸಿಕ್ಕರೆ ತಾರೀಖು ಸಿಗುತ್ತದೆ. ಚೀನಾದ ಜೋಯಿಸರ ದಿನವನ್ನು ಸಾವಿರ ವರ್ಷದ ಮೇಲೆ ಲೆಕ್ಕ ಹಾಕಿ ತೆಗೆದಿದ್ದಾರೆ. ನಮ್ಮ ಅಮ್ಮನದ್ದು ಅಷ್ಟು ಕಷ್ಟ ಇರಲಾರದು.

ಜೂನ್ 9

ಮಳೆ ಹಿಡಿದಿದೆ. ಕಡತ ತಂಡಿ ಎಳೆದುಕೊಂಡು ಎರಡು ಮಡಿಕೆ ಒಂದಕ್ಕೊಂದು ಅಂಟಿತ್ತು. ಬಿಡಿಸುವಾಗ ಈರಿ ಕಾಲುವೆಯ ಸಾಲು ಹೋಯಿತು. ಈಗ ರಾತ್ರಿ ಹೊತ್ತು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ.

ಮೇರಿ ಕ್ಯೂರಿಯ ಮಡಿಕೆ ಈ ವಾರ ಮುಗಿಯಿತು. ಆ ವಿಜ್ಞಾನಿ ತೀರಿಕೊಂಡದ್ದು 1934ರ ಜುಲೈ 4, ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಒಂದು ಆರೋಗ್ಯಧಾಮದಲ್ಲಿ. ವಯಸ್ಸು 66. ರಕ್ತ ಹುಟ್ಟಿಸುವ ಶಕ್ತಿಯೇ ಮೈಯಲ್ಲಿ ಬತ್ತಿಹೋಗಿತ್ತು. ವರ್ಷಗಟ್ಟಲೆ ವಿಕಿರಣದ ಜೊತೆ ಕೆಲಸ ಮಾಡಿದ್ದರ ಫಲ. ಅವರ ನೋಟ್‌ಬುಕ್ಕುಗಳನ್ನು ಈಗಲೂ ಸೀಸದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಮುಟ್ಟಿದರೆ ಅಪಾಯ. ಅವರ ಮಗಳು ಐರಿನ್ ಮತ್ತು ಅಳಿಯ ಅದೇ ವರ್ಷದ ಆರಂಭದಲ್ಲಿ, ವಿಕಿರಣ ಇಲ್ಲದ ವಸ್ತುವಿನಲ್ಲೂ ವಿಕಿರಣ ಹುಟ್ಟಿಸಬಹುದು ಎಂದು ತೋರಿಸಿದ್ದರು. ಮೇರಿ ಅದನ್ನು ನೋಡಿದರು. ಅದಕ್ಕೆ ನೊಬೆಲ್ ಬಂದದ್ದು 1935ರಲ್ಲಿ. ಅದನ್ನು ನೋಡಲು ಮೇರಿ ಇರಲಿಲ್ಲ. ಇದನ್ನು ಮಗಳಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು.

ಅದರ ಪಕ್ಕದ ಮಡಿಕೆ ಹಗುರ ಇರಲಿ ಎಂದು 'ಆಲಿಸ್ ಇನ್ ವಂಡರ್‌ಲ್ಯಾಂಡ್' ಕತೆ ಹುಟ್ಟಿದ್ದನ್ನು ಹಾಕಿದೆ. 1862ರ ಜುಲೈ 4ರಂದು ಆಕ್ಸ್‌ಫರ್ಡಿನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್ಜ್‌ಸನ್ ಮೂವರು ಹುಡುಗಿಯರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ, ಮೊಲದ ಬಿಲಕ್ಕೆ ಬಿದ್ದ ಹುಡುಗಿಯ ಕತೆ ಹೇಳಿದರು. ಅವರಲ್ಲಿ ಒಬ್ಬಳಾದ ಆಲಿಸ್ ಲಿಡೆಲ್‌ಗೆ ಆಗ ಹತ್ತು ವರ್ಷ. ಬರೆದು ಕೊಡಿ ಎಂದು ಹಟ ಹಿಡಿದವಳು ಅವಳೇ. ಆ ದಿನ ಒಳ್ಳೆ ಬಿಸಿಲಿತ್ತು ಎಂದು ಹೋದವರು ಮುಂದೆ ನೆನೆಸಿಕೊಂಡರು. ಹವಾಮಾನದ ದಾಖಲೆ ಮಾತ್ರ ತಂಪು, ಮಳೆ ಎನ್ನುತ್ತದೆ. ಮಗಳು ಚಿತ್ರದಲ್ಲಿ ಸೂರ್ಯನನ್ನೂ ಬರೆದಳು, ಕೊಡೆಯನ್ನೂ ಬರೆದಳು.

ಜೂನ್ 16

ಆಕಾಶದ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದೇನೆ.

1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ನೌಕೆ ಗಾಳಿಚೀಲಗಳ ಮೇಲೆ ಪುಟಿಯುತ್ತಾ ಮಂಗಳ ಗ್ರಹಕ್ಕೆ ಇಳಿಯಿತು. ಅದರೊಳಗೆ ಹತ್ತು ಕಿಲೋ ಚಿಲ್ಲರೆ ತೂಕದ ಸೋಜರ್ನರ್ ಎಂಬ ಪುಟ್ಟ ಗಾಡಿ ಇತ್ತು. ಮಂಗಳದ ನೆಲದ ಮೇಲೆ ಓಡಾಡಿದ ಮೊದಲ ಗಾಡಿ. 2005ರ ಇದೇ ದಿನ ನಾಸಾ ಟೆಂಪಲ್ 1 ಎಂಬ ಧೂಮಕೇತುವಿಗೆ ಸುಮಾರು 370 ಕಿಲೋದ ಯಂತ್ರವನ್ನು ಬೇಕೆಂದೇ ಡಿಕ್ಕಿ ಹೊಡೆಸಿತು. ಒಳಗೆ ಏನಿದೆ ಎಂದು ನೋಡಲು. ನಮ್ಮ ಗಡಿಯಾರದಲ್ಲಿ ಎರಡೂ ಜುಲೈ 4ರೊಳಗೇ ಬರುತ್ತವೆ. ತೊಂದರೆ ಇಲ್ಲ.

ತೊಂದರೆ ಬಂದದ್ದು 2016ರ ಜೂನೋ ನೌಕೆಯಿಂದ. ಅದು ಗುರು ಗ್ರಹದ ಸುತ್ತ ಸುತ್ತಲು ಶುರು ಮಾಡಿತು ಎಂಬ ಸಂಕೇತ ಬಂದಾಗ ಕ್ಯಾಲಿಫೋರ್ನಿಯಾದಲ್ಲಿ ಜುಲೈ 4ರ ರಾತ್ರಿ 8 ಗಂಟೆ 53 ನಿಮಿಷ. ನಮ್ಮಲ್ಲಿ ಆಗಲೇ 5ನೇ ತಾರೀಖು ಬೆಳಿಗ್ಗೆ 9 ಗಂಟೆ 23 ನಿಮಿಷ. ಘಟನೆ ಎಲ್ಲಿ ನಡೆಯಿತೋ ಅಲ್ಲಿಯ ತಾರೀಖೇ ಲೆಕ್ಕ ಎಂದು ನಾನು ಇಷ್ಟು ದಿನ ಪಾಲಿಸಿಕೊಂಡು ಬಂದಿದ್ದೆ. ಮಗಳು ಕೇಳಿದಳು: "ಗುರು ಗ್ರಹದಲ್ಲಿ ಅವತ್ತು ಎಷ್ಟನೇ ತಾರೀಖು?" ಆ ಸಂಕೇತ ಅಲ್ಲಿಂದ ಹೊರಟು ನಮಗೆ ಮುಟ್ಟಲು 48 ನಿಮಿಷ ಬೇಕಾಯಿತು ಎಂದಷ್ಟೇ ನನಗೆ ಹೇಳಲು ಆಯಿತು.

ಇಬ್ಬರೂ ಮಾತಾಡಿಕೊಂಡು ಅದನ್ನು ಬರೆದಿದ್ದೇವೆ. ಗುರುತಿನ ಜಾಗದಲ್ಲಿ ಅವಳು ಅರ್ಧ ಸೊನ್ನೆ ಹಾಕಿದ್ದಾಳೆ.

ಜೂನ್ 22

ಹದಿನಾರರಲ್ಲಿ ಹದಿನಾಲ್ಕು ಮಡಿಕೆ ತುಂಬಿವೆ. ಈರಿ ಕಾಲುವೆಯನ್ನು ಮತ್ತೆ ಬರೆದೆ. ಉಳಿದ ಎರಡರಲ್ಲಿ ಒಂದು 2012ರ ಜುಲೈ 4ರ ಹಿಗ್ಸ್ ಬೋಸಾನ್ ಎಂಬ ಕಣಕ್ಕೆ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಅಂದು ಆ ಕಣ ಸಿಕ್ಕ ಸುದ್ದಿ ಹೇಳಿದಾಗ 83 ವರ್ಷದ ಪೀಟರ್ ಹಿಗ್ಸ್ ಸಭೆಯಲ್ಲಿ ಕೂತು ಕಣ್ಣೊರೆಸಿಕೊಂಡರು. 1964ರಲ್ಲಿ ಕಾಗದದ ಮೇಲೆ ಬರೆದದ್ದು 48 ವರ್ಷದ ಮೇಲೆ ನಿಜ ಎಂದು ಗೊತ್ತಾಗಿತ್ತು. ಬೋಸಾನ್ ಎಂಬ ಹೆಸರು ನಮ್ಮ ಸತ್ಯೇಂದ್ರನಾಥ ಬೋಸರದ್ದು. ಹತ್ತು ವರ್ಷದ ಮಗುವಿಗೆ ಆ ಕಣ ಏನು ಎಂದು ನಾಲ್ಕು ಸಾಲಿನಲ್ಲಿ ಹೇಗೆ ಹೇಳುವುದು? ಮೂರು ಸಲ ಬರೆದು ಮೂರು ಸಲ ಒರೆಸಿದ್ದೇನೆ. ಆ ಮಡಿಕೆಯ ಕಪ್ಪು ಸ್ವಲ್ಪ ತೆಳುವಾಗಿದೆ, ಇನ್ನೊಂದು ಸಲ ಸರಿ ಬಳಿಯಬೇಕು. ಬೀಜ ಇನ್ನೂ ಅರ್ಧ ಡಬ್ಬಿ ಇದೆ.

ಹದಿನಾರನೆಯದನ್ನು ಅಮ್ಮ ಕೇಳಿದ್ದಾರೆ. ಮಗಳು ಹುಟ್ಟಿದ ತಿಥಿ, ನಕ್ಷತ್ರ, ವಾರ, ಆ ರಾತ್ರಿ ಆಸ್ಪತ್ರೆಯ ಹೊರಗೆ ಎಷ್ಟು ಮಳೆ ಇತ್ತು, ಎಲ್ಲ ತಾವೇ ಬರೆಯುತ್ತಾರಂತೆ. ಬಳಪ ಹಿಡಿದು ಅರವತ್ತು ವರ್ಷ ಆಗಿರಬೇಕು. ನಿನ್ನೆಯಿಂದ ಮಗಳ ಸ್ಲೇಟಿನಲ್ಲಿ ಅಕ್ಷರ ತಿದ್ದುತ್ತಿದ್ದಾರೆ.

ಎರಡೂ ಕಡೆ ಹಾಕಲು ಹಲಸಿನ ಹಲಗೆ ಹೇಳಿದ್ದೇನೆ. ಬಡಗಿ ಶನಿವಾರ ಕೊಡುತ್ತೇನೆ ಎಂದಿದ್ದಾರೆ.